ಆ ಪೆಟ್ಟಿಗೆಯಲ್ಲಿ ಏನಿತ್ತು?

ಜೋಯೆಲ್ ಮತ್ತು ಈಥನ್ ಕೋಯೆನ್ ಸಹೋದರರ ‘ಬಾರ್ಟನ್ ಫಿಂಕ್’ ಚಿತ್ರವನ್ನು ನೋಡಿ ಎದ್ದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಆ ಪೆಟ್ಟಿಗೆಯಲ್ಲಿ ಏನಿತ್ತು? 1991ರಲ್ಲಿ ತೆರೆಕಂಡ ಈ ಚಿತ್ರ, ಹಾಲಿವುಡ್ಡಿಗೆ ಬಂದು ಚಿತ್ರಕಥೆ ಬರೆಯಲಾಗದೆ ಒದ್ದಾಡುವ ನಾಟಕಕಾರನೊಬ್ಬನ ಕಥೆ. ಅರ್ಧದವರೆಗೆ ನಗಿಸುತ್ತದೆ, ಆಮೇಲೆ ಹೆದರಿಸುತ್ತದೆ, ಕೊನೆಗೆ ಯಾವ ಗಂಟನ್ನೂ ಬಿಚ್ಚದೆ ಕಡಲ ದಂಡೆಯಲ್ಲಿ ಮುಗಿದುಹೋಗುತ್ತದೆ. ಮೂವತ್ತು ವರ್ಷಗಳಿಗೂ ಮೀರಿ ನೋಡುಗರು ಈ ಚಿತ್ರದ ಬಗ್ಗೆ ಜಗಳವಾಡುತ್ತಲೇ ಇದ್ದಾರೆ. ಆ ಜಗಳ ಚಿತ್ರದ ಹೊರಗಿನದಲ್ಲ, ಚಿತ್ರದ ಒಳಗೇ ಹುಟ್ಟಿದ್ದು ಎಂಬುದನ್ನು ತಿಳಿಯಬೇಕಾದರೆ ಮೊದಲು ಕಥೆಯನ್ನು ನೋಡಬೇಕು.

ಕಾಲ 1941. ನ್ಯೂಯಾರ್ಕಿನ ರಂಗಭೂಮಿಯಲ್ಲಿ ಬಡವರ ಬದುಕನ್ನು ಕುರಿತು ನಾಟಕ ಬರೆದು ಹೆಸರು ಮಾಡಿದ ಬಾರ್ಟನ್ ಫಿಂಕ್‌ನನ್ನು ಕ್ಯಾಪಿಟಲ್ ಪಿಕ್ಚರ್ಸ್ ಎಂಬ ಸ್ಟುಡಿಯೋ ಲಾಸ್ ಏಂಜಲಿಸ್‌ಗೆ ಕರೆಸಿಕೊಳ್ಳುತ್ತದೆ. ಸ್ಟುಡಿಯೋ ಯಜಮಾನ ಜ್ಯಾಕ್ ಲಿಪ್ನಿಕ್ ಅವನಿಗೆ ಒಪ್ಪಿಸುವುದು ವಾಲೆಸ್ ಬೀರಿ ಎಂಬ ನಟನ ಕುಸ್ತಿ ಚಿತ್ರವೊಂದರ ಕಥೆಯನ್ನು. ಬಾರ್ಟನ್ ಇಳಿದುಕೊಂಡ ಹೋಟೆಲ್ ಅರ್ಲ್‌ನ ಓಣಿಯುದ್ದಕ್ಕೂ ಬಾಗಿಲ ಮುಂದೆ ಬೂಟುಗಳಿವೆ, ಬೂಟು ತೊಡುವ ಮನುಷ್ಯರು ಕಾಣುವುದಿಲ್ಲ. ಸೆಖೆಗೆ ಗೋಡೆಯ ಕಾಗದ ಅಂಟು ಬಿಟ್ಟು ಸುರುಳಿಯಾಗಿ ಇಳಿಯುತ್ತದೆ. ರಾತ್ರಿಯಿಡೀ ಒಂದು ಸೊಳ್ಳೆ ಕಾಡುತ್ತದೆ. ಮೇಜಿನ ಮೇಲ್ಗಡೆ ಗೋಡೆಗೆ ತೂಗುಹಾಕಿದ ಒಂದು ಚಿತ್ರದಲ್ಲಿ ಹೆಂಗಸೊಬ್ಬಳು ಕಡಲ ಕಡೆ ಮುಖ ಮಾಡಿ ಕುಳಿತಿದ್ದಾಳೆ. ಟೈಪ್‌ರೈಟರಿನಲ್ಲಿ ಒಂದು ಪ್ಯಾರಾ ಮೂಡಿದ ಮೇಲೆ ಬರವಣಿಗೆ ನಿಂತುಬಿಡುತ್ತದೆ.

ಪಕ್ಕದ ಕೋಣೆಯಲ್ಲಿ ಚಾರ್ಲಿ ಮೆಡೋಸ್ ಎಂಬ ದಪ್ಪ ಮೈಯ, ಒಳ್ಳೆಯ ಮಾತಿನ ವಿಮಾ ಏಜೆಂಟ್ ಇದ್ದಾನೆ. ಬರವಣಿಗೆ ಸಾಗಲೆಂದು ಬಾರ್ಟನ್ ಮೇಹ್ಯೂ ಎಂಬ ಹಿರಿಯ ಕಾದಂಬರಿಕಾರನ ಮೊರೆ ಹೋದರೆ ಅವನು ಕುಡಿತದಲ್ಲಿ ಮುಳುಗಿದ್ದಾನೆ. ಅವನ ಹೆಸರಿನ ಈಚಿನ ಬರಹಗಳನ್ನೆಲ್ಲ ಬರೆದವಳು ಕಾರ್ಯದರ್ಶಿ ಆಡ್ರಿ. ಒಂದು ಬೆಳಿಗ್ಗೆ ಬಾರ್ಟನ್ ಕಣ್ಣು ತೆರೆದಾಗ ಆಡ್ರಿ ಪಕ್ಕದಲ್ಲಿ ಹೆಣವಾಗಿ ಬಿದ್ದಿರುತ್ತಾಳೆ. ಇಲ್ಲಿಂದ ಮುಂದೆ ಚಿತ್ರ ಕನಸಿನ ದಾರಿ ಹಿಡಿಯುತ್ತದೆ. ಚಾರ್ಲಿ ಹೆಣವನ್ನು ಸಾಗಿಸುತ್ತಾನೆ, ಬಾರ್ಟನ್ ಕೈಗೆ ಕಾಗದ ಸುತ್ತಿದ ಒಂದು ಪೆಟ್ಟಿಗೆ ಕೊಟ್ಟು ಊರು ಬಿಡುತ್ತಾನೆ. ಅವನು ತಲೆ ಕಡಿಯುವ ಕೊಲೆಗಾರನೆಂದು ಪೊಲೀಸರು ಬಂದು ಹೇಳುತ್ತಾರೆ. ಚಾರ್ಲಿ ಮರಳಿ ಬಂದಾಗ ಓಣಿಯ ಗೋಡೆಗಳು ಹೊತ್ತಿ ಉರಿಯುತ್ತವೆ. ಕೊನೆಯ ದೃಶ್ಯದಲ್ಲಿ ಬಾರ್ಟನ್ ಪೆಟ್ಟಿಗೆ ಹಿಡಿದು ಕಡಲ ದಂಡೆಯಲ್ಲಿದ್ದಾನೆ. ಗೋಡೆಯ ಚಿತ್ರದಲ್ಲಿದ್ದಂತೆಯೇ ಒಬ್ಬ ಹೆಂಗಸು ಬಂದು ಕೂರುತ್ತಾಳೆ. ಪೆಟ್ಟಿಗೆಯಲ್ಲಿ ಏನಿದೆಯೆಂದು ಅವಳೇ ಕೇಳುತ್ತಾಳೆ. ಅವನಿಗೂ ಗೊತ್ತಿಲ್ಲ.

ಈ ಕಥೆಯ ಹಿಂದೆ ನಿಜವಾದ ಇತಿಹಾಸವೂ ಇದೆ. ಬಾರ್ಟನ್‌ನಲ್ಲಿ 1930ರ ದಶಕದ ಎಡಪಂಥೀಯ ನಾಟಕಕಾರ ಕ್ಲಿಫರ್ಡ್ ಓಡೆಟ್ಸ್‌ನ ಛಾಯೆಯಿದೆ, ಮೇಹ್ಯೂವಿನಲ್ಲಿ ವಿಲಿಯಂ ಫಾಕ್ನರ್‌ನ ಛಾಯೆಯಿದೆ. ಫಾಕ್ನರ್ 1932ರಲ್ಲಿ ಹೊಟ್ಟೆಪಾಡಿಗಾಗಿ ಎಂಜಿಎಂ ಸ್ಟುಡಿಯೋ ಸೇರಿದಾಗ ಅವನಿಗೆ ಮೊದಲು ಸಿಕ್ಕಿದ್ದು ವಾಲೆಸ್ ಬೀರಿಯ ಕುಸ್ತಿ ಚಿತ್ರದ ಕೆಲಸವೇ. ಕೋಯೆನ್ ಸಹೋದರರು ಸಹ ‘ಮಿಲ್ಲರ್ಸ್ ಕ್ರಾಸಿಂಗ್’ ಎಂಬ ಚಿತ್ರಕಥೆ ಬರೆಯುತ್ತ ನಡುದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಅದನ್ನು ಬದಿಗಿಟ್ಟು ಮೂರೇ ವಾರಗಳಲ್ಲಿ ಇದನ್ನು ಬರೆದರು. ಬರೆಯಲಾಗದವನ ಕಥೆ ಹೀಗೆ ಸರಾಗವಾಗಿ ಬರೆಸಿಕೊಂಡಿತು.

ಕನ್ನಡದ ನೋಡುಗರಿಗೆ ಆ ಹೋಟೆಲ್ ಕೋಣೆ ಅಷ್ಟೇನೂ ಅಪರಿಚಿತವಲ್ಲ. ಕನ್ನಡ ಚಿತ್ರರಂಗ ಮದರಾಸಿನಲ್ಲಿದ್ದ ಕಾಲದಲ್ಲಿ ಎಷ್ಟೋ ಸಾಹಿತಿಗಳು ಕೋಡಂಬಾಕಂ ಸುತ್ತಮುತ್ತಲಿನ ಬಾಡಿಗೆ ಕೋಣೆಗಳಲ್ಲಿ ಕುಳಿತು ಸಂಭಾಷಣೆ, ಹಾಡು ಬರೆದರು. ಉದ್ಯಮ ಬೆಂಗಳೂರಿಗೆ ಬಂದ ಮೇಲೆ ಗಾಂಧಿನಗರದ ಹೋಟೆಲುಗಳಲ್ಲಿ ರೂಂ ಹಾಕಿ ಸ್ಟೋರಿ ಡಿಸ್ಕಷನ್ ನಡೆಸುವುದು ರೂಢಿಯಾಯಿತು. ನಿರ್ಮಾಪಕ ಬಂದು ಕಥೆ ಎಲ್ಲಿಗೆ ಬಂತೆಂದು ವಿಚಾರಿಸುವುದು, ಫೈಟು ಸಾಲದು, ಸೆಂಟಿಮೆಂಟು ಬೇಕು ಎನ್ನುವುದು, ಬರೆಯುವವನು ಕೈಯಲ್ಲಿ ಪೆನ್ನು ಹಿಡಿದು ಕೂರುವುದು ಇವೆಲ್ಲ ಲಿಪ್ನಿಕ್‌ನ ಆಫೀಸಿನಿಂದ ಬಹಳ ದೂರದ ಸಂಗತಿಗಳಲ್ಲ. ಆದ್ದರಿಂದ ಚಿತ್ರದ ಮೊದಲರ್ಧದಲ್ಲಿ ಕನ್ನಡಿಗರಿಗೆ ತೊಡಕಿರುವುದಿಲ್ಲ. ತೊಡಕು ಶುರುವಾಗುವುದು ಹೆಣ ಕಂಡ ಬೆಳಗಿನಿಂದ.

‘ಬಾರ್ಟನ್ ಫಿಂಕ್’ಗೆ ಸಿಕ್ಕ ಗೌರವಕ್ಕೂ ಬಂದ ಹಣಕ್ಕೂ ತಾಳೆಯಿಲ್ಲ. 1991ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ರೋಮನ್ ಪೊಲಾನ್ಸ್ಕಿ ಅಧ್ಯಕ್ಷತೆಯ ತೀರ್ಪುಗಾರರು ಅದಕ್ಕೆ ಅತ್ಯುತ್ತಮ ಚಿತ್ರದ ಪಾಮ್ ಡೋರ್, ನಿರ್ದೇಶನ ಪ್ರಶಸ್ತಿ, ಜಾನ್ ಟರ್ಟುರೊಗೆ ನಟನ ಪ್ರಶಸ್ತಿ ಹೀಗೆ ಮೂರನ್ನೂ ಕೊಟ್ಟರು. ಆಮೇಲೆ ಒಂದೇ ಚಿತ್ರ ಹೀಗೆ ಪ್ರಶಸ್ತಿಗಳನ್ನು ಬಾಚಿಕೊಳ್ಳದಂತೆ ಉತ್ಸವದ ನಿಯಮವನ್ನೇ ಬಿಗಿ ಮಾಡಬೇಕಾಯಿತು. ಆಗಸ್ಟ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂದಾಗ ಮಾತ್ರ ಸುಮಾರು 90 ಲಕ್ಷ ಡಾಲರ್ ವೆಚ್ಚದ ಚಿತ್ರ ಸುಮಾರು 60 ಲಕ್ಷ ಡಾಲರ್ ಗಳಿಸಿ ನಿಂತಿತು. ವಿಮರ್ಶಕರಲ್ಲಿ ಬಹುಮಂದಿ ಹೊಗಳಿದರು. ರಾಜಧಾನಿಯ ‘ವಾಷಿಂಗ್ಟನ್ ಪೋಸ್ಟ್’ನಲ್ಲಿ ರೀಟಾ ಕೆಂಪ್ಲಿ ಅದನ್ನು ಆ ವರ್ಷದ ಉತ್ತಮ ಚಿತ್ರಗಳ ಸಾಲಿಗೆ ಸೇರಿಸಿದರು. ಯಹೂದಿ ಪಾತ್ರಗಳನ್ನು ಚಿತ್ರಿಸಿದ ರೀತಿಗೆ ಆಕ್ಷೇಪಿಸಿದವರೂ ಇದ್ದರು. ಟಿಕೆಟ್ ಕೊಂಡು ಬರಬೇಕಾದ ಜನ ದೊಡ್ಡ ಸಂಖ್ಯೆಯಲ್ಲಿ ಬರಲಿಲ್ಲ.

ಬಂದವರ ಪ್ರತಿಕ್ರಿಯೆಗಳಲ್ಲಿ ಮೊದಲನೆಯದು ಸಿಟ್ಟು. ನಗೆಚಿತ್ರವೆಂದು ಬಂದು ಕುಳಿತವರು ರಕ್ತ ಕಂಡಾಗ, ತಮಗೆ ಕೊಟ್ಟ ಮಾತನ್ನು ಯಾರೋ ಮುರಿದರು ಎಂದುಕೊಂಡರು. ಈ ಸಿಟ್ಟನ್ನು ಅರಸಿಕತೆಯೆಂದು ತಳ್ಳಿಹಾಕುವುದು ಸರಿಯಲ್ಲ. ಕಥೆ ಹೇಳುವವನಿಗೂ ಕೇಳುವವನಿಗೂ ನಡುವೆ ಒಂದು ಒಪ್ಪಂದವಿರುತ್ತದೆ. ನಗಬಹುದು ಎಂದು ಮೊದಲೇ ಸೂಚನೆ ಕೊಟ್ಟ ಮೇಲೆ ಹೆದರಿಸಬೇಕಾದರೆ ಅದಕ್ಕೆ ಕಾರಣ ತೋರಿಸಬೇಕಾದ ಹೊಣೆ ಕಥೆಗಾರನದು. ಕೋಯೆನ್ ಸಹೋದರರು ಆ ಕಾರಣವನ್ನು ಮಾತಿನಲ್ಲಿ ಇಡದೆ ಸದ್ದಿನಲ್ಲಿ ಇಟ್ಟರು. ಹೋಟೆಲಿನ ಮೇಜಿನ ಗಂಟೆಯನ್ನು ಒತ್ತಿದರೆ ಅದರ ನಾದ ಬಹಳ ಹೊತ್ತು ನಿಲ್ಲುವುದಿಲ್ಲ. ಬಾಗಿಲು ತೆರೆದರೆ ಗಾಳಿ ಹೀರಿಕೊಂಡಂಥ ಸದ್ದು ಬರುತ್ತದೆ. ಸೊಳ್ಳೆಯ ಗುಂಯ್‌ಗುಟ್ಟುವಿಕೆ ಸಂಗೀತದ ಜಾಗವನ್ನೇ ಹಿಡಿಯುತ್ತದೆ. ಈ ಲೋಕ ನೆಟ್ಟಗಿಲ್ಲ ಎಂಬುದನ್ನು ಚಿತ್ರ ಮೊದಲ ಇಪ್ಪತ್ತು ನಿಮಿಷಗಳಲ್ಲೇ ಕಿವಿಗೆ ತಿಳಿಸಿರುತ್ತದೆ. ಕತ್ತಲ ಮಂದಿರದಲ್ಲಿ ಕೇಳಿಸಿಕೊಂಡವರಿಗೂ ಮನೆಯ ಟಿವಿಯಲ್ಲಿ ವಿಡಿಯೋ ಕ್ಯಾಸೆಟ್ ಹಾಕಿ ಅಡುಗೆಮನೆಯ ಗದ್ದಲದ ನಡುವೆ ನೋಡಿದವರಿಗೂ ಇದು ಬೇರೆಬೇರೆಯಾಗಿ ಕಾಣಲು ಇದೇ ಕಾರಣ.

ಎರಡನೆಯ ಪ್ರತಿಕ್ರಿಯೆ, ಕೀಲಿಕೈ ಹುಡುಕುವವರದು. ಹೋಟೆಲೇ ನರಕ, ಚಾರ್ಲಿಯೇ ಸೈತಾನ ಎಂದು ಕೆಲವರು ಓದಿದರು. ಇಬ್ಬರು ಪೊಲೀಸರ ಹೆಸರುಗಳು ಇಟಲಿ ಮತ್ತು ಜರ್ಮನಿಯನ್ನು ನೆನಪಿಸುವುದನ್ನೂ ಕಾಲ 1941 ಎಂಬುದನ್ನೂ ಜೋಡಿಸಿ, ಇದು ಫ್ಯಾಸಿಸಂ ಬರುವಾಗ ಕಣ್ಣು ಮುಚ್ಚಿಕೊಂಡಿದ್ದ ಬುದ್ಧಿಜೀವಿಯ ಕಥೆ ಎಂದು ಹೇಳಿದವರೂ ಇದ್ದಾರೆ. ಕೊಲೆಯ ನಂತರದ ಎಲ್ಲವೂ ಬಾರ್ಟನ್‌ನ ತಲೆಯೊಳಗೆ ನಡೆದದ್ದು ಎಂಬುದು ಇನ್ನೊಂದು ವಾದ. ಪೆಟ್ಟಿಗೆಯಲ್ಲಿರುವುದು ಆಡ್ರಿಯ ತಲೆ ಎಂಬುದು ಬಹುಜನರ ಊಹೆ. ನಿರ್ದೇಶಕರು ಯಾವುದಕ್ಕೂ ಮುದ್ರೆ ಒತ್ತಲಿಲ್ಲ.

ಮೂರನೆಯ ಪ್ರತಿಕ್ರಿಯೆ ಬರವಣಿಗೆ ಬಲ್ಲವರದು, ಅದು ಹೆಚ್ಚು ಆಳದ್ದು. ಬಾರ್ಟನ್ ತಾನು ಜನಸಾಮಾನ್ಯನಿಗಾಗಿ ಬರೆಯುವವನು ಎಂದು ಎಲ್ಲರಿಗೂ ಸಾರುತ್ತಾನೆ. ಎದುರಿಗೇ ಕುಳಿತ ಜನಸಾಮಾನ್ಯ ಚಾರ್ಲಿ, ನನ್ನ ಬಳಿಯೂ ಕಥೆಗಳಿವೆ ಎಂದು ಮತ್ತೆಮತ್ತೆ ಬಾಯಿ ತೆರೆದಾಗ ಬಾರ್ಟನ್ ಅವನ ಮಾತನ್ನು ತುಂಡರಿಸಿ ತನ್ನ ಭಾಷಣ ಮುಂದುವರಿಸುತ್ತಾನೆ. ಕುಸ್ತಿ ಚಿತ್ರ ಬರೆಯಬೇಕಾದವನ ಮುಂದೆ ಕುಸ್ತಿಯ ಪಟ್ಟು ತೋರಿಸಬಲ್ಲ ಮನುಷ್ಯನೇ ಇದ್ದರೂ ಅವನಿಗೆ ಅದು ಬೇಕಾಗುವುದಿಲ್ಲ. ಬೆಂಕಿಯ ನಡುವೆ, ನನಗೇ ಏಕೆ ಹೀಗಾಯಿತು ಎಂದು ಬಾರ್ಟನ್ ಕೇಳಿದಾಗ ಚಾರ್ಲಿ ಕೊಡುವ ಉತ್ತರ ಒಂದೇ: ನೀನು ಕೇಳಿಸಿಕೊಳ್ಳುವುದಿಲ್ಲ. ಚಿತ್ರದ ನಡುಗಂಬ ಇದೇ. ಜನರ ಹೆಸರಿನಲ್ಲಿ ಬರೆದು ಜನರನ್ನು ಕೇಳಿಸಿಕೊಳ್ಳದ ಲೇಖಕನ ಕಥೆಗೆ ತೀರ್ಪುಗಾರರು ಮೂರು ಪ್ರಶಸ್ತಿ ಕೊಟ್ಟರು, ಜನ ಬರಲಿಲ್ಲ. ಹಾಗಾಗಿ ಈ ಚಿತ್ರದ ಮಟ್ಟಿಗೆ ನೋಡುಗರ ಪ್ರತಿಕ್ರಿಯೆ ಕಥೆಯ ಇನ್ನೊಂದು ಅಧ್ಯಾಯವೇ ಆಗಿಬಿಡುತ್ತದೆ.

ನಗು, ಭಯ, ಕನಸು ಬೆರೆತ ಇಂಥ ಚಿತ್ರಗಳಿಗೂ ಅಮೆರಿಕದ ಆಗ್ನೇಯ ಭಾಗಕ್ಕೂ ನಂಟಿದೆ. ವಾಷಿಂಗ್ಟನ್‌ನಿಂದ ದಕ್ಷಿಣಕ್ಕೆ ರಿಚ್‌ಮಂಡ್, ರಾಲೆ, ಷಾರ್ಲಟ್ ಹಾದು ಅಟ್ಲಾಂಟಾ ಮುಟ್ಟುವ ಹೆದ್ದಾರಿಗಳ ಸೀಮೆ ಅದು. ಉತ್ತರ ಕ್ಯಾರೊಲಿನಾದ ಕಡಲ ಕಡೆಯ ಊರು ವಿಲ್ಮಿಂಗ್ಟನ್‌ನಲ್ಲಿ ಇಟಲಿಯ ನಿರ್ಮಾಪಕ ಡಿನೋ ಡಿ ಲಾರೆಂಟಿಸ್ 1980ರ ದಶಕದಲ್ಲಿ ದೊಡ್ಡ ಸ್ಟುಡಿಯೋ ಕಟ್ಟಿದರು. ‘ಬಾರ್ಟನ್ ಫಿಂಕ್’ ಆದ ಮೇಲೆ ಕೋಯೆನ್ ಸಹೋದರರು ತಮ್ಮ ಮುಂದಿನ ಚಿತ್ರ ‘ದಿ ಹಡ್ಸಕರ್ ಪ್ರಾಕ್ಸಿ’ಯನ್ನು ಚಿತ್ರಿಸಿದ್ದು ಅದೇ ಸ್ಟುಡಿಯೋದಲ್ಲಿ. 1994ರಲ್ಲಿ ಬಿಡುಗಡೆಯಾದ ಆ ದುಬಾರಿ ಚಿತ್ರ ಗಳಿಕೆಯಲ್ಲಿ ನೆಲಕಚ್ಚಿತು.

ಅದೇ ವಿಲ್ಮಿಂಗ್ಟನ್‌ನಲ್ಲಿ ಡೇವಿಡ್ ಲಿಂಚ್ ‘ಬ್ಲೂ ವೆಲ್ವೆಟ್’ ತೆಗೆದರು. ಲಿಂಚ್ ಬಾಲ್ಯದ ಕೆಲಕಾಲವನ್ನು ಉತ್ತರ ಕ್ಯಾರೊಲಿನಾದ ಡರಮ್‌ನಲ್ಲೂ ಹೈಸ್ಕೂಲ್ ದಿನಗಳನ್ನು ವಾಷಿಂಗ್ಟನ್ ಪಕ್ಕದ ಅಲೆಗ್ಸಾಂಡ್ರಿಯಾದಲ್ಲೂ ಕಳೆದವರು. ಹುಲ್ಲುಹಾಸು, ಬಿಳಿಬೇಲಿ, ಗುಲಾಬಿಗಿಡಗಳ ಅಚ್ಚುಕಟ್ಟಾದ ಅಮೆರಿಕನ್ ಊರಿನ ಹುಲ್ಲಿನಡಿಯಲ್ಲಿ ಕತ್ತರಿಸಿದ ಕಿವಿಯೊಂದು ಸಿಗುವುದರಿಂದ ಆ ಚಿತ್ರ ಶುರುವಾಗುತ್ತದೆ. 1986ರಲ್ಲಿ ಅದು ಬಂದಾಗ ವಿಮರ್ಶಕಿ ಪಾಲಿನ್ ಕೇಲ್ ಹೊಗಳಿದರು, ವಿಮರ್ಶಕ ರೋಜರ್ ಎಬರ್ಟ್ ಒಂದೇ ನಕ್ಷತ್ರ ಕೊಟ್ಟು ನಟಿಯನ್ನು ನಡೆಸಿಕೊಂಡ ರೀತಿಗೆ ಕಿಡಿಕಾರಿದರು. ಇಬ್ಬರೂ ನೋಡಿದ್ದು ಅದೇ ಚಿತ್ರವನ್ನು, ಇಬ್ಬರ ಮಾತಿನಲ್ಲೂ ಹುರುಳಿತ್ತು.

ರಾಜಧಾನಿ ವಾಷಿಂಗ್ಟನ್ ಅನ್ನೇ ಕೋಯೆನ್ ಸಹೋದರರು 2008ರಲ್ಲಿ ಕೈಗೆತ್ತಿಕೊಂಡರು. ‘ಬರ್ನ್ ಆಫ್ಟರ್ ರೀಡಿಂಗ್’ ಚಿತ್ರದಲ್ಲಿ ಸಿಐಎ ಕೆಲಸ ಬಿಟ್ಟ ಆಸ್ಬೋರ್ನ್ ಕಾಕ್ಸ್ ಎಂಬಾತ ಜಾರ್ಜ್‌ಟೌನ್‌ನ ಮನೆಯಲ್ಲಿ ಕುಳಿತು ಆತ್ಮಕಥೆ ಬರೆಯುತ್ತಾನೆ. ಅದು ಯಾರಿಗೂ ಬೇಡ. ಅದರ ಪ್ರತಿಯಿದ್ದ ಸಿಡಿ ಜಿಮ್ ಒಂದರಲ್ಲಿ ಸಿಕ್ಕು, ರಾಷ್ಟ್ರದ ರಹಸ್ಯವೆಂದು ಭಾವಿಸಿದವರ ಕೈಸೇರಿ, ಒಂದರ ಹಿಂದೊಂದು ಕೊಲೆಗಳಾಗುತ್ತವೆ. ಇಲ್ಲೂ ಕೋಯೆನ್ ಸಹೋದರರು ಏನನ್ನೂ ವಿವರಿಸುವುದಿಲ್ಲ, ನಗುವಿನ ನಡುವೆಯೇ ಹಣೆಗೆ ಗುಂಡು ಬೀಳುತ್ತದೆ. ಆದರೂ ಆ ಚಿತ್ರ ಬಿಡುಗಡೆಯಾದ ವಾರ ಅಮೆರಿಕದ ಗಳಿಕೆಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು.

ಈ ವ್ಯತ್ಯಾಸಕ್ಕೆ ಬ್ರಾಡ್ ಪಿಟ್, ಜಾರ್ಜ್ ಕ್ಲೂನಿಯಂಥ ತಾರೆಯರು ಒಂದು ಕಾರಣ ಎನ್ನುವುದು ನಿಜ. ಇನ್ನೊಂದು ಕಾರಣ ಕಥೆಯ ಕಟ್ಟಡದಲ್ಲಿದೆ. ಚಿತ್ರದ ಕೊನೆಯಲ್ಲಿ ಸಿಐಎ ಮೇಲಧಿಕಾರಿಯೊಬ್ಬ ಕಡತ ಮುಂದಿಟ್ಟುಕೊಂಡು, ಇದರಿಂದ ನಾವು ಕಲಿತದ್ದೇನು ಎಂದು ಸಹೋದ್ಯೋಗಿಯನ್ನು ಕೇಳುತ್ತಾನೆ, ಇಬ್ಬರಿಗೂ ಉತ್ತರ ಸಿಗುವುದಿಲ್ಲ. ಮಂದಿರದಲ್ಲಿ ಕುಳಿತವರ ತಲೆಯಲ್ಲಿ ಓಡುತ್ತಿದ್ದ ಪ್ರಶ್ನೆಯನ್ನೇ ಪರದೆಯ ಮೇಲಿನ ಪಾತ್ರ ಬಾಯಿಬಿಟ್ಟು ಹೇಳಿದಾಗ, ಅರ್ಥವಾಗದಿರುವುದು ತನ್ನ ದಡ್ಡತನವಲ್ಲ ಎಂದು ನೋಡುಗ ಹಗುರಾಗುತ್ತಾನೆ, ನಗುತ್ತಾನೆ. ‘ಬಾರ್ಟನ್ ಫಿಂಕ್’ನಲ್ಲಿ ನೋಡುಗರ ಪರವಾಗಿ ಕೇಳುವವಳು ಕೊನೆಯ ದೃಶ್ಯದ ಆ ಹೆಂಗಸೊಬ್ಬಳೇ, ಅವಳು ಬರುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ನೋಡುಗರಿಗೆ ಚಿತ್ರದೊಳಗೆ ಒಬ್ಬ ಪ್ರತಿನಿಧಿ ಸಿಕ್ಕರೆ ಎಂಥ ಕನಸನ್ನೂ ತಾಳಿಕೊಳ್ಳುತ್ತಾರೆ.

ಅಟ್ಲಾಂಟಾದ ಉದಾಹರಣೆ ಇದನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಆ ಊರಿನ ಪಕ್ಕದ ಸ್ಟೋನ್ ಮೌಂಟನ್‌ನಲ್ಲಿ ಬೆಳೆದು, ಹಾಸ್ಯ ಧಾರಾವಾಹಿಗೆ ಬರೆಯುವವನಾಗಿ ವೃತ್ತಿ ಆರಂಭಿಸಿದ ಡೊನಾಲ್ಡ್ ಗ್ಲೋವರ್ 2016ರಲ್ಲಿ ಎಫ್ಎಕ್ಸ್ ವಾಹಿನಿಗೆ ‘ಅಟ್ಲಾಂಟಾ’ ಎಂಬ ಸರಣಿ ಮಾಡಿದರು. ಓದು ಬಿಟ್ಟು ಊರಿಗೆ ಮರಳಿದ ಅರ್ನ್ ಎಂಬ ಹುಡುಗ ರ‍್ಯಾಪ್ ಹಾಡುವ ಸೋದರಸಂಬಂಧಿಯ ಮ್ಯಾನೇಜರ್ ಆಗಿ ನಾಲ್ಕು ಕಾಸು ಕಾಣಲು ಪಡುವ ಪಾಡು ಅದರ ಹಂದರ. ಬರಿಗೈಯ ಕಲಾವಿದರ ಈ ಕಥೆಯಲ್ಲಿ ಇದ್ದಕ್ಕಿದ್ದಂತೆ ಕಾಣದ ಕಾರು ಜನರ ಮೇಲೆ ಹರಿಯುತ್ತದೆ, ಜಸ್ಟಿನ್ ಬೀಬರ್ ಕಪ್ಪುಹುಡುಗನಾಗಿ ಬರುತ್ತಾನೆ. ಯಾರೂ ಬೆರಗಾಗುವುದಿಲ್ಲ. ಅಟ್ಲಾಂಟಾದವರು ಇದನ್ನು ಮೊದಲು ಒಪ್ಪಿಕೊಂಡದ್ದು ಊರಿನ ನಿಜದ ಮೂಲಕ. ಒಂದು ಕಂತಿನಲ್ಲಿ ಅಲ್ಲಿನ ಜೆ.ಆರ್. ಕ್ರಿಕೆಟ್ಸ್ ಹೋಟೆಲಿನ ಲೆಮನ್ ಪೆಪ್ಪರ್ ಕೋಳಿರೆಕ್ಕೆಯನ್ನು ಪೊಟ್ಟಣದಿಂದ ಬೆಳಕು ಹೊಮ್ಮುವಂತೆ ತೋರಿಸಲಾಯಿತು; ಆಮೇಲೆ ಜನ ಅದನ್ನೇ ಕೇಳಿಕೊಂಡು ಬರತೊಡಗಿದರು. ನೆಲದ ರುಚಿ ನಿಜವಾಗಿದ್ದರೆ ಅದರ ಮೇಲೆ ನಿಂತ ಕನಸೂ ನಂಬಿಕೆಗೆ ಅರ್ಹವಾಗುತ್ತದೆ.

2018ರ ಏಪ್ರಿಲ್‌ನಲ್ಲಿ ಪ್ರಸಾರವಾದ ‘ಟೆಡ್ಡಿ ಪರ್ಕಿನ್ಸ್’ ಕಂತು ನೋಡುಗರನ್ನು ನಿಜಕ್ಕೂ ಅಲುಗಾಡಿಸಿತು. ಬಣ್ಣದ ಕೀಲಿಗಳ ಪಿಯಾನೋವನ್ನು ಉಚಿತವಾಗಿ ಕೊಡುತ್ತಾರೆಂದು ಒಂದು ದೊಡ್ಡ ಮನೆಗೆ ಹೋದ, ಸರಣಿಯ ಇನ್ನೊಂದು ಮುಖ್ಯಪಾತ್ರ ಡೇರಿಯಸ್‌ಗೆ, ಮುಖವೆಲ್ಲ ಮೇಣದಂತೆ ಬಿಳಿಚಿಕೊಂಡ ಹಳೆಯ ಸಂಗೀತಗಾರನೊಬ್ಬ ಎದುರಾಗುತ್ತಾನೆ. ಜಾಹೀರಾತಿನ ಬಿಡುವಿಲ್ಲದೆ ಕಂತನ್ನು ತೋರಿಸಿದರು. ಆ ಸಂಗೀತಗಾರನ ಪಾತ್ರ ಮಾಡಿದವರು ಗ್ಲೋವರ್ ಎಂಬುದು ಎಷ್ಟೋ ಜನರಿಗೆ ನೋಡುವಾಗ ತಿಳಿಯಲೇ ಇಲ್ಲ. ನಗಬೇಕೋ ಹೆದರಬೇಕೋ ತಿಳಿಯದೆ ಕುಳಿತವರ ಪಾಡನ್ನು ಡೇರಿಯಸ್‌ನ ಮುಖವೇ ತೋರಿಸುತ್ತಿತ್ತು. 2022ರ ಮೂರನೆಯ ಸೀಸನ್‌ನಲ್ಲಿ ಮುಖ್ಯಪಾತ್ರಗಳೇ ಇಲ್ಲದ ನಾಲ್ಕು ಕಂತುಗಳು ಬಂದಾಗ, ಅಷ್ಟು ವರ್ಷ ಜೊತೆಗಿದ್ದ ನೋಡುಗರಲ್ಲೂ ಹಲವರು ಬೇಸರಪಟ್ಟರು. ತಮ್ಮ ಪ್ರತಿನಿಧಿಯನ್ನು ಚಿತ್ರದಿಂದ ಹೊರಗೆ ಕಳುಹಿಸಿದಾಗ ನೋಡುಗರೂ ಅರ್ಧ ಹೊರಗೆ ಹೋಗುತ್ತಾರೆ.

ಕನ್ನಡದಲ್ಲಿ ಈ ಬಗೆಯ ಚಿತ್ರಕ್ಕೆ ದೊಡ್ಡ ಪ್ರೇಕ್ಷಕವರ್ಗವನ್ನು ತಂದವರು ಉಪೇಂದ್ರ. ರಂಗಭೂಮಿಯಲ್ಲಿ ಚಂದ್ರಕಾಂತ ಕುಸನೂರ, ಲಂಕೇಶ್ ಮೊದಲಾದವರ ಅಸಂಗತ ನಾಟಕಗಳು ಆಗಲೇ ಇದ್ದವು. ಅವುಗಳ ಪ್ರೇಕ್ಷಕರು ಕಡಿಮೆ, ಹೆಚ್ಚಾಗಿ ಓದಿಕೊಂಡವರು. 1998ರ ಫೆಬ್ರುವರಿಯಲ್ಲಿ ಬಂದ ‘ಎ’ ಚಿತ್ರ ಗಾಂಧಿನಗರದ ಚಿತ್ರಮಂದಿರಗಳಿಗೆ ಜನಜಾತ್ರೆಯನ್ನೇ ಎಳೆಯಿತು. ಹಾಳಾಗಿ ಬೀದಿಗೆ ಬಿದ್ದ ಸೂರ್ಯ ಎಂಬ ಚಿತ್ರನಿರ್ದೇಶಕ, ಅವನು ಪ್ರೀತಿಸಿದ ನಟಿ ಚಾಂದಿನಿ ಇವರ ಕಥೆಯನ್ನು ಹಿಂದುಮುಂದಾಗಿ ಹೇಳಿದ ಚಿತ್ರ ಅದು. ಬುದ್ಧಿವಂತರಿಗೆ ಮಾತ್ರ ಎಂಬ ಪ್ರಚಾರವಾಕ್ಯ ಒಂದು ಸವಾಲಾಗಿ ಕೆಲಸ ಮಾಡಿತು. ಮೊದಲ ಸಲ ನೋಡಿ ತಲೆಕೆಟ್ಟು ಬಂದ ಹುಡುಗರು ಕ್ಯಾಂಟೀನಿನಲ್ಲಿ ಕುಳಿತು ಯಾವ ದೃಶ್ಯ ಯಾವುದಕ್ಕಿಂತ ಮೊದಲು ಎಂದು ಜೋಡಿಸಿದರು, ಸರಿಯೇ ಎಂದು ನೋಡಲು ಮತ್ತೆ ಟಿಕೆಟ್ ತೆಗೆದರು. ಸಂಭಾಷಣೆಯ ಒರಟುತನ, ಹೆಣ್ಣಿನ ಬಗ್ಗೆ ನಾಯಕ ಆಡುವ ಮಾತುಗಳು ಹಿರಿಯರಿಗೂ ಹೆಂಗಸರಿಗೂ ಕಸಿವಿಸಿ ತಂದವು. ಆ ಆಕ್ಷೇಪ ಇಂದಿಗೂ ಉಳಿದಿದೆ, ಉಳಿಯಬೇಕಾದದ್ದೇ. 2024ರ ಮೇ ತಿಂಗಳಲ್ಲಿ ಚಿತ್ರ ಮತ್ತೆ ತೆರೆಗೆ ಬಂದಾಗ ಅಂದಿನ ಕಾಲೇಜು ಹುಡುಗರು ತಮ್ಮ ಮಕ್ಕಳನ್ನು ಕರೆದುಕೊಂಡು ಹೋದರು.

2013ರಲ್ಲಿ ಪವನ್ ಕುಮಾರ್ ‘ಲೂಸಿಯಾ’ದಲ್ಲಿ ಬೇರೆ ದಾರಿ ಹಿಡಿದರು. ನಿರ್ಮಾಪಕರು ಸಿಗದೆ, ಕಥೆಯನ್ನು ನೇರವಾಗಿ ನೋಡುಗರ ಮುಂದಿಟ್ಟು 110 ಜನರಿಂದ ಹಣ ಕೂಡಿಸಿದರು. ಲಿಪ್ನಿಕ್‌ನನ್ನು ದಾಟಿ ಜನಸಾಮಾನ್ಯನ ಬಾಗಿಲನ್ನೇ ತಟ್ಟಿದಂತಾಯಿತು. ಚಿತ್ರಮಂದಿರದಲ್ಲಿ ಟಾರ್ಚು ಹಿಡಿಯುವ ನಿಕ್ಕಿ, ನಿದ್ದೆ ಬಾರದೆ ನುಂಗಿದ ಮಾತ್ರೆಯಿಂದ ಕನಸಿನಲ್ಲಿ ಸಿನಿಮಾ ತಾರೆಯಾಗುವ ಕಥೆ ಅದು. ಯಾವುದು ಕನಸು, ಯಾವುದು ಎಚ್ಚರ ಎಂಬುದೇ ಗಂಟು. ಕನ್ನಡದ ನೋಡುಗರಿಗೆ ಅದು ಬೇಗ ಹತ್ತಿರವಾಗಲು ಟಾರ್ಚುಗಾರನ ಬದುಕು, ಅವನ ಪಿಜ್ಜಾ ಅಂಗಡಿಯ ಹುಡುಗಿ, ಅವರ ನೆಲದ ಸೊಗಡಿನ ಮಾತು ನಿಜದಂತಿದ್ದದ್ದು ಕಾರಣ. ಅದೇ ವರ್ಷ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಬಂತು.

ಆದರೆ ನೋಡುಗರ ಪ್ರತಿಕ್ರಿಯೆಯನ್ನೇ ಕಥಾವಸ್ತು ಮಾಡಿದ್ದು ಉಪೇಂದ್ರರ ‘ಯುಐ’. 2024ರ ಡಿಸೆಂಬರ್ 20ರಂದು ಬಿಡುಗಡೆಯಾದ ಈ ಚಿತ್ರ, ಬುದ್ಧಿವಂತರಾಗಿದ್ದರೆ ಎದ್ದು ಹೋಗಿ ಎಂದು ಶುರುವಿನಲ್ಲೇ ಹೇಳುತ್ತದೆ. ಇಪ್ಪತ್ತಾರು ವರ್ಷಗಳ ಹಿಂದಿನ ಪ್ರಚಾರವಾಕ್ಯವನ್ನು ತಿರುಗಿಸಿದ ಮಾತು ಅದು. ಚಿತ್ರದೊಳಗೂ ಉಪೇಂದ್ರರ ‘ಯುಐ’ ಎಂಬ ಚಿತ್ರವೇ ತೆರೆಕಂಡಿರುತ್ತದೆ. ಅದನ್ನು ನೋಡಿದವರಲ್ಲಿ ಕೆಲವರು ಹುಚ್ಚೆದ್ದು ಹೊರಗೋಡುತ್ತಾರೆ, ಕೆಲವರು ಬದುಕನ್ನೇ ಬದಲಿಸಿಕೊಳ್ಳುತ್ತಾರೆ. ಕಿರಣ್ ಆದರ್ಶ್ ಎಂಬ ವಿಮರ್ಶಕ ಎಷ್ಟು ಸಲ ನೋಡಿದರೂ ವಿಮರ್ಶೆ ಬರೆಯಲಾಗದೆ ಕೊನೆಗೆ ನಿರ್ದೇಶಕನ ಮನೆ ಹುಡುಕಿ ಹೋಗುತ್ತಾನೆ, ಅಲ್ಲಿ ನಿರ್ದೇಶಕ ಬೇಡವೆಂದು ಬಿಸುಟ ಕಥೆಯ ಹಾಳೆಗಳು ಅವನಿಗೆ ಸಿಗುತ್ತವೆ. ಬರೆಯಲಾಗದೆ ಒದ್ದಾಡುವ ಕಷ್ಟ ಇಲ್ಲಿ ಚಿತ್ರಕಥೆಗಾರನಿಂದ ವಿಮರ್ಶಕನಿಗೆ ವರ್ಗವಾಗಿದೆ. ನೋಡುಗರಿಗೆ ಒಬ್ಬ ಪ್ರತಿನಿಧಿ ಬೇಕೆಂಬುದನ್ನು ಉಪೇಂದ್ರ ಅರಿತಿದ್ದಾರೆ. ಆದರೂ ಈ ಪ್ರತಿನಿಧಿ ಬೇಗ ಹಿಂದೆ ಸರಿದು, ಮುಂದಿನ ಕಥೆಯಲ್ಲಿ ಸಂಕೇತಗಳೇ ಒಂದರ ಮೇಲೊಂದು ಬಂದು ಬೀಳುತ್ತವೆ. ‘ಎ’ಯ ಬೀದಿ, ಬಾರು, ಶೂಟಿಂಗ್ ಸೆಟ್ಟುಗಳಲ್ಲಿದ್ದ ನೆಲದ ಹಿಡಿತ ಇಲ್ಲಿ ಸಡಿಲ. ಪ್ರೇಕ್ಷಕರು ಮೆಚ್ಚಿದವರು, ಸುಸ್ತಾದವರು ಎಂದು ಇಬ್ಭಾಗವಾದದ್ದು ಇದರಿಂದಲೇ.

‘ಯುಐ’ಯಂಥ ಚಿತ್ರ ಅಮೆರಿಕಕ್ಕೆ ಬಂದಾಗ ಅದನ್ನು ನೋಡುವ ಕನ್ನಡ ಪ್ರೇಕ್ಷಕರು ವಾಷಿಂಗ್ಟನ್‌ನಿಂದ ಅಟ್ಲಾಂಟಾವರೆಗಿನ ಅದೇ ಸೀಮೆಯಲ್ಲೂ ಗಣನೀಯವಾಗಿ ಇದ್ದಾರೆ. ವಾಷಿಂಗ್ಟನ್ ಸುತ್ತಲಿನ ಕಾವೇರಿ ಕನ್ನಡ ಸಂಘ, ರಾಲೆ ಕಡೆಯ ಸಂಪಿಗೆ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ ಇಲ್ಲಿನ ಹಳೆಯ ಹೆಸರುಗಳು. ಅಮೆರಿಕದ ಕನ್ನಡಿಗರ ಸಂಘಟನೆಯಾದ ‘ಅಕ್ಕ’ದ ಸಮ್ಮೇಳನ 2012ರಲ್ಲಿ ಅಟ್ಲಾಂಟಾದಲ್ಲಿ, 2024ರಲ್ಲಿ ವರ್ಜೀನಿಯಾದ ರಿಚ್‌ಮಂಡ್‌ನಲ್ಲಿ ನಡೆಯಿತು. ಅಂಥದೇ ಇನ್ನೊಂದು ಸಂಘಟನೆ ‘ನಾವಿಕ’ದ ಸಮ್ಮೇಳನ 2015ರಲ್ಲಿ ರಾಲೆಯಲ್ಲಿ ಸೇರಿತ್ತು. ಮೊದಲು ಸಂಘದ ಸ್ವಯಂಸೇವಕರು ಮಲ್ಟಿಪ್ಲೆಕ್ಸಿನ ಒಂದು ಪರದೆಯನ್ನು ಬಾಡಿಗೆಗೆ ಹಿಡಿದು, ಮನೆಮನೆಗೆ ಫೋನ್ ಮಾಡಿ, ಒಂದೇ ಪ್ರದರ್ಶನಕ್ಕೆ ಜನ ಕೂಡಿಸುತ್ತಿದ್ದರು. 2015ರ ‘ರಂಗಿತರಂಗ’ ಹಲವು ವಾರ ಓಡಿದ ಮೇಲೆ ಕನ್ನಡ ಚಿತ್ರಗಳಿಗೆ ಅಮೆರಿಕದ ಚಿತ್ರಮಂದಿರಗಳು ಹೆಚ್ಚು ತೆರೆದುಕೊಂಡವು. ಈಗ ಆಲ್ಫಾರೆಟಾ, ಮಾರಿಸ್‌ವಿಲ್, ಆಶ್‌ಬರ್ನ್ ಕಡೆಯ ಕನ್ನಡ ಕುಟುಂಬಗಳು ಫೋನಿನಲ್ಲೇ ಟಿಕೆಟ್ ಕಾದಿರಿಸುತ್ತವೆ.

ಕರ್ನಾಟಕದಲ್ಲಿ ‘ಎ’ಯಂಥ ಚಿತ್ರವನ್ನು ಬಿಡಿಸಿಕೊಟ್ಟದ್ದು ಚಿತ್ರಮಂದಿರದ ಎದುರಿನ ಹೋಟೆಲು, ಬೈಟು ಕಾಫಿ, ಮಾರನೆಯ ದಿನದ ಬಸ್ ಸ್ಟ್ಯಾಂಡ್. ಅಮೆರಿಕದ ಮಲ್ಟಿಪ್ಲೆಕ್ಸಿನಲ್ಲಿ ಹಾಗೆ ನಿಂತು ಮಾತಾಡುವ ಜಾಗ ಕಡಿಮೆ. ಸಿನಿಮಾ ಮುಗಿದ ಕೂಡಲೇ ಮುಂದಿನ ಪ್ರದರ್ಶನಕ್ಕೆ ಗುಡಿಸುವವರು ಬರುತ್ತಾರೆ, ಜನ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ನಡುವೆ ಕೈಕಟ್ಟಿ ನಿಂತು ‘ಅರ್ಥ ಆಯ್ತೇನ್ರೀ?’ ಎಂದು ಕೇಳಿಕೊಳ್ಳುತ್ತಾರೆ. ಉಳಿದ ಮಾತು ವಾರಾಂತ್ಯದ ಪಾಟ್‌ಲಕ್ ಊಟಕ್ಕೆ ಮುಂದೂಡಿಕೆಯಾಗುತ್ತದೆ. ಅಲ್ಲಿ ಬಿಸಿಬೇಳೆಬಾತ್ ತಟ್ಟೆ ಹಿಡಿದು ಶುರುವಾಗುವ ಚರ್ಚೆಯಲ್ಲಿ ಎರಡು ತಲೆಮಾರುಗಳು ಒಂದೇ ಚಿತ್ರದ ಬೇರೆಬೇರೆ ತುದಿ ಹಿಡಿದಿರುತ್ತವೆ. ರಾಜ್‌ಕುಮಾರ್ ಚಿತ್ರಗಳನ್ನು ನೋಡಿ ಬೆಳೆದ ತಂದೆತಾಯಿಗೆ ‘ಯುಐ’ಯಲ್ಲಿ ಬರುವ ಜಾತಿಯ ಮಾತು, ರಾಜಕೀಯದ ಕುಟುಕು, ಹಳೆಯ ಉಪೇಂದ್ರ ಚಿತ್ರಗಳ ನೆನಪು ತಕ್ಷಣ ದಕ್ಕುತ್ತವೆ, ಕಥೆ ಯಾಕೆ ನೆಟ್ಟಗೆ ಸಾಗುವುದಿಲ್ಲ ಎಂಬುದು ದಕ್ಕುವುದಿಲ್ಲ. ಅಲ್ಲೇ ಹುಟ್ಟಿದ ಮಕ್ಕಳಿಗೆ ಕನಸಿನೊಳಗಿನ ಕನಸು, ಚಿತ್ರದೊಳಗಿನ ಚಿತ್ರ ‘ಅಟ್ಲಾಂಟಾ’ದಂಥ ಸರಣಿಗಳಿಂದ ಆಗಲೇ ಪರಿಚಿತ; ಅವರಿಗೆ ಬೇಕಾಗುವುದು ಸಬ್‌ಟೈಟಲ್ ಬಿಟ್ಟ ಮಾತುಗಳ ವಿವರ. ಅಪ್ಪ ಅಮ್ಮ ಬೈಗುಳ, ಗಾದೆ, ಊರಿನ ರಾಜಕಾರಣವನ್ನು ಬಿಡಿಸಿ ಹೇಳುತ್ತಾರೆ. ಯಾವುದು ಚಿತ್ರದೊಳಗಿನ ಚಿತ್ರ, ವಿಮರ್ಶಕನ ಕಥೆ ಎಲ್ಲಿ ನಿಂತಿತು, ನಿರ್ದೇಶಕ ಬಿಸುಟ ಕಥೆ ಎಲ್ಲಿಂದ ಶುರುವಾಯಿತು ಎಂಬುದನ್ನು ಮಕ್ಕಳು ಹೇಳುತ್ತಾರೆ. ಮನೆಮಂದಿ ಇಂಥ ಚಿತ್ರವನ್ನು ಎರಡನೆಯ ಸಲ ಓಟಿಟಿಯಲ್ಲಿ ನೋಡುವಾಗ, ರಿಮೋಟ್ ಹಿಡಿದವರು ಯಾರೇ ಆಗಲಿ, ನಡುನಡುವೆ ಚಿತ್ರವನ್ನು ನಿಲ್ಲಿಸಿ ಇನ್ನೊಬ್ಬರನ್ನು ಕೇಳುತ್ತಾರೆ.